ನೇರ ಕಂಬಿಗಳ ಬಾಗಿದ ಗೋಪುರ: ವ್ಲಾದಿಮಿರ್ ಶುಖೋವ್ ಅವರ ಕೆಲಸದ ಕ್ರಮ

ಒಂದು ಹಿಡಿ ತೆಂಗಿನ ಕಡ್ಡಿಗಳನ್ನು ನಡುವೆ ಸಡಿಲವಾಗಿ ಕಟ್ಟಿ, ಬುಡವನ್ನು ನೆಲಕ್ಕೆ ಒತ್ತಿ ಹಿಡಿದು, ತಲೆಯ ಕಡೆಯನ್ನು ಅಂಗೈಯಲ್ಲಿ ಮೆಲ್ಲಗೆ ತಿರುಚಿ ನೋಡಿ. ಕಡ್ಡಿಗಳು ಎರಡೂ ತುದಿಗಳಲ್ಲಿ ಅರಳಿಕೊಂಡು, ನಡುವೆ ಸೊಂಟದಂತೆ ಕಿರಿದಾಗಿ ನಿಲ್ಲುತ್ತವೆ. ಒಂದೊಂದು ಕಡ್ಡಿಯೂ ಮೊದಲಿನಂತೆ ನೇರವಾಗಿಯೇ ಇರುತ್ತದೆ; ಆದರೆ ಎಲ್ಲವೂ ಸೇರಿ ಮೂಡಿಸುವ ಮೈ ಬಾಗಿರುತ್ತದೆ. ಗಣಿತದಲ್ಲಿ ಇದನ್ನು ಹೈಪರ್ಬೊಲಾಯ್ಡ್ ಎನ್ನುತ್ತಾರೆ. ನಮ್ಮ ವಿನ್ಯಾಸ ಕಚೇರಿಗೆ ಹೊಸದಾಗಿ ಸೇರುವ ಎಂಜಿನಿಯರುಗಳಿಗೆ ನಾನು ಕಂಪ್ಯೂಟರ್ ತೆರೆಯುವ ಮೊದಲು ಇದನ್ನು ತೋರಿಸಿ, ಈ ಆಕಾರದಲ್ಲಿ ಜಗತ್ತಿನ ಮೊದಲ ಗೋಪುರವನ್ನು ನಿಲ್ಲಿಸಿದ ವ್ಲಾದಿಮಿರ್ ಗ್ರಿಗೊರಿಯೆವಿಚ್ ಶುಖೋವ್ ಅವರ ವಿಷಯ ಹೇಳುತ್ತೇನೆ.

ಶುಖೋವ್ ಹುಟ್ಟಿದ್ದು 1853ರಲ್ಲಿ, ರಷ್ಯದ ಕುರ್ಸ್ಕ್ ಪ್ರಾಂತ್ಯದ ಗ್ರಾಯ್ವೊರೊನ್ ಎಂಬ ಸಣ್ಣ ಊರಿನಲ್ಲಿ. 1876ರಲ್ಲಿ ಮಾಸ್ಕೋದ ಇಂಪೀರಿಯಲ್ ತಾಂತ್ರಿಕ ಶಾಲೆಯಲ್ಲಿ ಓದು ಮುಗಿಸಿದಾಗ, ಹೆಸರಾಂತ ಗಣಿತಜ್ಞ ಚೆಬಿಷೆವ್ ಅವರು ತಮ್ಮ ಜೊತೆ ಕೆಲಸ ಮಾಡಲು ಕರೆದರೂ ಒಪ್ಪದೆ, ಅವರು ಎಂಜಿನಿಯರಿಂಗನ್ನೇ ಆರಿಸಿಕೊಂಡರು. ಅದೇ ವರ್ಷ ಫಿಲಡೆಲ್ಫಿಯಾದ ಪ್ರದರ್ಶನ ನೋಡಲು ಅಮೆರಿಕಕ್ಕೆ ಹೋದಾಗ ಅಲೆಕ್ಸಾಂಡರ್ ಬಾರಿ ಎಂಬ ಉದ್ಯಮಿಯ ಪರಿಚಯವಾಯಿತು. ಬಾರಿ ಮುಂದೆ ಮಾಸ್ಕೋದಲ್ಲಿ ತೆರೆದ ಕಂಪನಿಗೆ ಶುಖೋವ್ ಮುಖ್ಯ ಎಂಜಿನಿಯರ್ ಆದರು, ದಶಕಗಳ ಕಾಲ ಅಲ್ಲಿಯೇ ಉಳಿದರು.

ಅವರ ಕೈ ಪಳಗಿದ್ದು ಬಾಕುವಿನ ತೈಲ ಪ್ರದೇಶದಲ್ಲಿ. ರಷ್ಯದ ಮೊದಲ ತೈಲ ಕೊಳವೆ ಮಾರ್ಗವನ್ನು ನೊಬೆಲ್ ಸಹೋದರರಿಗಾಗಿ 1878ರಲ್ಲಿ ಹಾಕಿಸಿದವರು ಅವರೇ. ಎಣ್ಣೆಯ ಟ್ಯಾಂಕುಗಳನ್ನು ಅವರು ರೂಪಿಸಿದ ರೀತಿಯಲ್ಲಿ ಮುಂದಿನ ಎಲ್ಲ ಕೆಲಸದ ಬೀಜವಿದೆ ಎಂಬುದು ನನ್ನ ನಂಬಿಕೆ. ಟ್ಯಾಂಕಿನಲ್ಲಿ ಆಳ ಹೆಚ್ಚಿದಂತೆ ದ್ರವದ ಒತ್ತಡ ಹೆಚ್ಚುತ್ತದೆ. ಆದ್ದರಿಂದ ಸಿಲಿಂಡರಿನ ಗೋಡೆ ಬುಡದಲ್ಲಿ ದಪ್ಪವಿದ್ದು ಮೇಲೆ ಹೋದಂತೆ ತೆಳುವಾದರೆ ಸಾಕು. ತಳವು ಮರಳಿನ ಹಾಸಿನ ಮೇಲೆ ಸಮವಾಗಿ ಕೂತಿದ್ದರೆ ಎಣ್ಣೆಯ ತೂಕ ನೇರವಾಗಿ ನೆಲಕ್ಕೆ ಇಳಿಯುವುದರಿಂದ, ಅಲ್ಲಿ ಸೋರದಂತೆ ತಡೆಯುವಷ್ಟು ತೆಳು ತಗಡೇ ಸಾಲುತ್ತದೆ. ಇಂದು ನಮಗೆ ಸಹಜವೆನಿಸುವ ಈ ಮಾತನ್ನು ಅವರು ಲೆಕ್ಕ ಮಾಡಿ, ಎಲ್ಲಿ ಕಬ್ಬಿಣ ದುಡಿಯುತ್ತಿಲ್ಲವೋ ಅಲ್ಲಿಂದ ಅದನ್ನು ತೆಗೆದುಹಾಕಿದರು.

1896ರಲ್ಲಿ ನಿಜ್ನಿ ನೊವ್ಗೊರೊದ್‌ನಲ್ಲಿ ನಡೆದ ಅಖಿಲ ರಷ್ಯ ಔದ್ಯಮಿಕ ಮತ್ತು ಕಲಾ ಪ್ರದರ್ಶನದಲ್ಲಿ ಈ ಲೆಕ್ಕ ಎಲ್ಲರ ಕಣ್ಣಿಗೂ ಬಿತ್ತು. ಅಲ್ಲಿ ಅವರು ಎಂಟು ಮಂಟಪಗಳಿಗೆ ಚಾವಣಿ ಹೊದಿಸಿದರು. ಅವುಗಳಲ್ಲಿ ಕೆಲವು ಉಕ್ಕಿನ ಪಟ್ಟಿಗಳನ್ನು ಬಲೆಯಂತೆ ಹೆಣೆದು ತೂಗುಬಿಟ್ಟ ಚಾವಣಿಗಳು. ತೊಲೆಯೊಂದು ಭಾರ ಹೊತ್ತು ಬಾಗುವಾಗ ಅದರ ಮೇಲಂಚು ಮತ್ತು ಕೆಳಂಚು ಪೂರ್ತಿ ದುಡಿಯುತ್ತವೆ, ನಡುಭಾಗ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ತೂಗುವ ಪಟ್ಟಿಯಲ್ಲಿ ಬರಿಯ ಎಳೆತವಿರುವುದರಿಂದ ಕಬ್ಬಿಣದ ಒಂದೊಂದು ಎಳೆಯೂ ಸಮನಾಗಿ ದುಡಿಯುತ್ತದೆ. ಅದೇ ಪ್ರದರ್ಶನದಲ್ಲಿ ನಿಂತದ್ದು ನಾನು ಮೊದಲು ಹೇಳಿದ ಗೋಪುರ. 80 ನೇರ ಕಂಬಿಗಳನ್ನು ಓರೆಯಾಗಿ, ಅರ್ಧದಷ್ಟು ಎಡಕ್ಕೆ, ಅರ್ಧದಷ್ಟು ಬಲಕ್ಕೆ ವಾಲಿಸಿ ನಿಲ್ಲಿಸಿ, ಅಡ್ಡ ಬಳೆಗಳಿಂದ ಬಿಗಿದು, ಸುಮಾರು 25 ಮೀಟರ್ ಎತ್ತರದಲ್ಲಿ ನೀರಿನ ಟ್ಯಾಂಕನ್ನು ಹೊರಿಸಿದ್ದರು. ಪ್ರದರ್ಶನ ಮುಗಿದ ಮೇಲೆ ಜಮೀನುದಾರರೊಬ್ಬರು ಅದನ್ನು ಕೊಂಡು ಪೊಲಿಬಿನೊ ಎಂಬ ತಮ್ಮ ಹಳ್ಳಿಗೆ ಸಾಗಿಸಿದರು. ಇಂದಿಗೂ ಅದು ಅಲ್ಲಿಯೇ ಇದೆ.

ಇಷ್ಟು ಸಪೂರ ಕಂಬಿಗಳು ಅಷ್ಟು ಭಾರವನ್ನು ಹೇಗೆ ಹೊರುತ್ತವೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉದ್ದನೆಯ ಕಡ್ಡಿಯನ್ನು ಎರಡು ತುದಿಗಳಿಂದ ಒತ್ತಿದರೆ, ಅದರ ಕಬ್ಬಿಣ ಜಜ್ಜಿಹೋಗುವ ಬಹಳ ಮೊದಲೇ ಅದು ಪಕ್ಕಕ್ಕೆ ಡೊಂಕಾಗಿ ಸೋಲುತ್ತದೆ. ನಮ್ಮ ಕ್ಷೇತ್ರದಲ್ಲಿ ಇದನ್ನು ಬಕ್ಲಿಂಗ್ ಎನ್ನುತ್ತೇವೆ. ಆಸರೆಯಿಲ್ಲದ ಉದ್ದವನ್ನು ಅರ್ಧಕ್ಕೆ ಇಳಿಸಿದರೆ, ಹಾಗೆ ಡೊಂಕಾಗದೆ ಹೊರಬಲ್ಲ ಭಾರ ನಾಲ್ಕು ಪಟ್ಟಾಗುತ್ತದೆ. ಶುಖೋವ್ ಗೋಪುರದಲ್ಲಿ ಎಡಕ್ಕೆ ವಾಲಿದ ಕಂಬಿಯನ್ನು ಬಲಕ್ಕೆ ವಾಲಿದ ಕಂಬಿಗಳು ಮತ್ತೆ ಮತ್ತೆ ಹಾಯುತ್ತವೆ, ಹಾಯ್ದಲ್ಲಿ ರಿವೆಟ್‌ನಿಂದ ಸೇರುತ್ತವೆ. ಹೀಗಾಗಿ ಒಂದೊಂದು ಕಂಬಿಗೂ ಅಡಿಗಡಿಗೆ ಆಸರೆ ಸಿಗುತ್ತದೆ. ಜಾಲರಿಯ ಕಿಂಡಿಗಳಲ್ಲಿ ಗಾಳಿ ಹಾದುಹೋಗುವುದರಿಂದ, ಎತ್ತರದ ಗೋಪುರಗಳನ್ನು ಉರುಳಿಸಲು ನೋಡುವ ಮುಖ್ಯ ಶತ್ರುವಿನ ಬಲವೂ ಕುಗ್ಗುತ್ತದೆ.

ಆದರೆ ವೃತ್ತಿಯಲ್ಲಿರುವ ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕಂಬಿಗಳು ನೇರವಾಗಿವೆ ಎಂಬ ಸಂಗತಿ. ಆ ಕಾಲದ ಸಾಧಾರಣ ವರ್ಕ್‌ಶಾಪಿನಲ್ಲಿ ಸಿಗುತ್ತಿದ್ದ ಆಂಗಲ್, ಚಾನೆಲ್ ಎಂಬ ನೇರ ಉಕ್ಕಿನ ಕಂಬಿಗಳನ್ನು ಅಳತೆಗೆ ಕತ್ತರಿಸಿ ತೂತು ಕೊರೆದರೆ ಮುಗಿಯಿತು. ಬಿಸಿಮಾಡಿ ಬಗ್ಗಿಸುವ ಖರ್ಚು ಬಹುಮಟ್ಟಿಗೆ ಉಳಿಯಿತು. ನನ್ನ ಮೊದಮೊದಲ ವರ್ಷಗಳಲ್ಲಿ ನಾನು ಮಾಡಿದ ಒಂದು ಗೋಪುರದ ವಿನ್ಯಾಸವು ಲೆಕ್ಕದಲ್ಲಿ ಸರಿಯಾಗಿದ್ದರೂ, ಅದರ ಭಾಗಗಳನ್ನು ಆ ಜಾಗದಲ್ಲಿ ಮೇಲೆತ್ತಲು ದಾರಿಯೇ ಇಲ್ಲವೆಂದು ಮೇಸ್ತ್ರಿಯೊಬ್ಬರು ತೋರಿಸಿಕೊಟ್ಟ ಮೇಲೆ ಪೂರ್ತಿ ಬದಲಾಯಿಸಬೇಕಾಯಿತು. ಕಟ್ಟುವ ಬಗೆಯನ್ನು ಬಿಟ್ಟು ಆಕಾರವನ್ನು ಯೋಚಿಸಬಾರದೆಂದು ನಾನು ಕಲಿತದ್ದು ಆಗ. ಶುಖೋವ್ ಅವರ ಕೆಲಸದಲ್ಲಿ ಇವೆರಡೂ ಬೇರೆ ಬೇರೆ ಆಗಿರಲೇ ಇಲ್ಲ.

ಇದಕ್ಕೆ ಮಾಸ್ಕೋದ ಶಾಬೊಲೊವ್ಕಾ ರಸ್ತೆಯ ರೇಡಿಯೋ ಗೋಪುರಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. 1917ರ ರಷ್ಯದ ಕ್ರಾಂತಿಯ ನಂತರ ಬಾರಿ ಕಂಪನಿ ಸರ್ಕಾರದ ಕೈಗೆ ಹೋಯಿತು. ಶುಖೋವ್ ದೇಶ ಬಿಡದೆ ಉಳಿದರು. 1919ರ ಜುಲೈ 30ರಂದು ಲೆನಿನ್ ಸಹಿ ಮಾಡಿದ ಆದೇಶದಂತೆ ರೇಡಿಯೋ ಕೇಂದ್ರ ಕಟ್ಟಬೇಕಾಗಿತ್ತು. ಅವರ ಮೊದಲ ನಕ್ಷೆಯಲ್ಲಿ ಗೋಪುರದ ಎತ್ತರ 350 ಮೀಟರ್, ತೂಕ 2200 ಟನ್. 300 ಮೀಟರಿನ ಐಫೆಲ್ ಗೋಪುರದ ಕಬ್ಬಿಣವೇ ಸುಮಾರು 7300 ಟನ್ ಎಂಬುದನ್ನು ನೆನೆದರೆ ಈ ಅಂಕಿಗಳ ತೂಕ ತಿಳಿಯುತ್ತದೆ. ಅಂತರ್ಯುದ್ಧದ ಆ ದಿನಗಳಲ್ಲಿ ಅಷ್ಟು ಉಕ್ಕು ಸಿಗಲಿಲ್ಲ. ಕೊನೆಗೆ ಆರು ಹೈಪರ್ಬೊಲಾಯ್ಡ್‌ಗಳನ್ನು ಒಂದರ ಮೇಲೊಂದು ಇಟ್ಟ, ಸುಮಾರು 150 ಮೀಟರ್ ಎತ್ತರದ, ಸುಮಾರು 240 ಟನ್ ತೂಕದ ಗೋಪುರ ನಿಂತಿತು.

ಅದನ್ನು ನಿಲ್ಲಿಸಲು ಅವರು ಸಾರುವೆ ಕಟ್ಟಲಿಲ್ಲ. ಮೇಲಿನ ಹಂತವನ್ನು ಕೆಳಗಿನ ಹಂತದ ಹೊಟ್ಟೆಯೊಳಗೆ ನೆಲದ ಮೇಲೆಯೇ ಜೋಡಿಸಿ, ಅದರ ಬುಡವನ್ನು ತಾತ್ಕಾಲಿಕವಾಗಿ ಒಳಕ್ಕೆ ಸೆಳೆದು ಕಟ್ಟಿ, ರಾಟೆ ಮತ್ತು ಕೈ ವಿಂಚ್‌ಗಳಿಂದ ಮೇಲಕ್ಕೆ ಎಳೆದು, ತುದಿ ತಲುಪಿದ ಮೇಲೆ ಬುಡವನ್ನು ಬಿಡಿಸಿ ಕೂಡಿಸುತ್ತಿದ್ದರು. ದುರ್ಬೀನಿನ ಕೊಳವೆಗಳನ್ನು ಒಂದರೊಳಗಿಂದ ಒಂದನ್ನು ಎಳೆದಂತೆ. 1921ರ ಜೂನ್ 29ರಂದು ನಾಲ್ಕನೆಯ ಹಂತವನ್ನು ಎತ್ತುವಾಗ ಅದು ಕಳಚಿ ಬಿದ್ದು ಕೆಳಗಿನವುಗಳನ್ನೂ ಜಖಂಗೊಳಿಸಿತು. ವಿನ್ಯಾಸದಲ್ಲಿ ತಪ್ಪಿಲ್ಲವೆಂದು ತನಿಖೆ ಹೇಳಿದರೂ ಶುಖೋವ್ ಅವರಿಗೆ ಷರತ್ತಿನ ಮರಣದಂಡನೆ ವಿಧಿಸಲಾಯಿತು. ಗೋಪುರ ಪೂರ್ಣಗೊಳ್ಳುವವರೆಗೆ ಅದನ್ನು ತಡೆಹಿಡಿಯಲಾಗಿತ್ತು. ತಲೆಯ ಮೇಲೆ ಆ ತೀರ್ಪು ತೂಗುತ್ತಿರುವಾಗ, ಅದೇ ಲೆಕ್ಕ ಮತ್ತು ಅದೇ ಕ್ರಮವನ್ನು ನಂಬಿ, ಅರವತ್ತೆಂಟರ ಆ ಮನುಷ್ಯ ಕೆಲಸ ಮುಂದುವರಿಸಿದ್ದನ್ನು ಓದಿದಾಗಲೆಲ್ಲ ನನಗೆ ಮಾತು ಹೊರಡುವುದಿಲ್ಲ. 1922ರ ಮಾರ್ಚ್‌ನಲ್ಲಿ ಅಲ್ಲಿಂದ ಪ್ರಸಾರ ಆರಂಭವಾಯಿತು.

ಮುಂದೆ ಇದೇ ಬಗೆಯ ಗೋಪುರಗಳು ಓಕಾ ನದಿಯ ಮೇಲೆ ವಿದ್ಯುತ್ ತಂತಿಗಳನ್ನು ದಾಟಿಸಲು ನಿಂತವು. ಅವುಗಳಲ್ಲಿ 128 ಮೀಟರ್ ಎತ್ತರದ ಒಂದು ಜೋಡಿಯಲ್ಲಿ ಒಂದನ್ನು 2005ರಲ್ಲಿ ಕಬ್ಬಿಣಕ್ಕಾಗಿ ಕೆಡವಲಾಯಿತು, ಇನ್ನೊಂದು ಉಳಿದಿದೆ. ಶಾಬೊಲೊವ್ಕಾ ಗೋಪುರವನ್ನು ಬಿಚ್ಚುವ ಪ್ರಸ್ತಾಪವೂ 2014ರಲ್ಲಿ ಬಂದಿತ್ತು. ದೇಶವಿದೇಶಗಳ ವಾಸ್ತುಶಿಲ್ಪಿಗಳು ಮತ್ತು ಸುತ್ತಲಿನ ನಿವಾಸಿಗಳು ವಿರೋಧಿಸಿದ್ದರಿಂದ ಆ ಪ್ರಸ್ತಾಪ ಅಲ್ಲಿಗೇ ನಿಂತಿತು.

ಶುಖೋವ್ 1939ರ ಫೆಬ್ರವರಿಯಲ್ಲಿ ಸುಟ್ಟಗಾಯಗಳಿಂದ ತೀರಿಕೊಂಡರು. ಅದಕ್ಕೆ ಏಳು ವರ್ಷ ಮೊದಲು, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಅವರ ಮುಂದೆ ಬಂದದ್ದು ಸಮರ್ಕಂದದ ಉಲುಗ್ ಬೇಗ್ ಮದರಸದ ವಾಲಿದ್ದ ಮಿನಾರು. ಹಗುರವಾದ ಉಕ್ಕಿನ ಜಾಲರಿಯಲ್ಲೇ ಜೀವನ ಸವೆಸಿದ ಅವರ ಕೈಗೆ ಈ ಬಾರಿ ಸಿಕ್ಕಿದ್ದು ಹದಿನೈದನೆಯ ಶತಮಾನದ ಭಾರಿ ಇಟ್ಟಿಗೆಯ ಕಂಬ. ಅವರ ಯೋಜನೆಯಂತೆ ಕೆಲಸಗಾರರು ಅದರ ಒಂದು ಭಾಗವನ್ನೂ ಕೆಡವದೆ, ಇಡೀ ಮಿನಾರನ್ನು ನೇರವಾಗಿ ನಿಲ್ಲಿಸಿದರು.