ಬ್ರೌನ್‌ಫೀಲ್ಡ್ ಸಾಲನಿಧಿ ಎಂದರೇನು, ಬಳ್ಳಾರಿ ಸೀಮೆಗೆ ಅದು ಎಷ್ಟು ಹೊಂದುತ್ತದೆ

ಬಳ್ಳಾರಿಯಲ್ಲಿ ಮುಚ್ಚಿಹೋದ ಜೀನ್ಸ್ ವಾಷಿಂಗ್ ಘಟಕದ ಜಾಗವೊಂದು ಮಾರಾಟಕ್ಕೆ ಬಂದಿದೆ ಎಂದುಕೊಳ್ಳಿ. ಊರು ಬೆಳೆದು ಸುತ್ತ ಮನೆಗಳಾಗಿವೆ. ರಸ್ತೆ ಇದೆ, ಕರೆಂಟಿದೆ, ದರ ಮಾತ್ರ ಪಕ್ಕದ ಸೈಟಿಗಿಂತ ಕಡಿಮೆ. ಕೊಳ್ಳುವವರು ಖಾತಾ ನೋಡುತ್ತಾರೆ, ಇಸಿ (ಋಣಭಾರ ಪತ್ರ) ತೆಗೆಸುತ್ತಾರೆ, ಸರ್ವೆಯವರನ್ನು ಕರೆಸಿ ಹದ್ದು ಅಳೆಸುತ್ತಾರೆ. ನೆಲದೊಳಗೆ ಏನಿದೆ ಎಂದು ಈ ಕಾಗದಗಳಲ್ಲಿ ಒಂದೂ ಹೇಳುವುದಿಲ್ಲ. ಬಟ್ಟೆಯಿಂದ ಇಳಿದ ಬಣ್ಣ, ಕಾಸ್ಟಿಕ್ ಸೋಡಾ, ಬ್ಲೀಚು, ಪ್ಯಾಂಟಿನ ತೊಡೆಯ ಭಾಗಕ್ಕೆ ಹಳೆಯ ಕಳೆ ಬರಲೆಂದು ಸಿಂಪಡಿಸುವ ಪೊಟ್ಯಾಸಿಯಂ ಪರ್ಮಾಂಗನೇಟು: ಇವನ್ನೆಲ್ಲ ತೊಳೆದ ನೀರು ವರ್ಷಗಟ್ಟಲೆ ಎಲ್ಲಿಗೆ ಹರಿಯಿತು, ತೊಟ್ಟಿಯ ತಳದ ಕೆಸರನ್ನು ಎಲ್ಲಿ ಸುರಿದರು ಎಂಬುದು ಅಲ್ಲಿ ದುಡಿದವರಿಗಷ್ಟೇ ಗೊತ್ತು.

ಇಂಥ ಜಾಗವೇ ಬ್ರೌನ್‌ಫೀಲ್ಡ್. ಮಾಲಿನ್ಯ ಇದೆ ಎಂದು ಸಾಬೀತಾಗಿರಬೇಕೆಂದೇನಿಲ್ಲ, ಇರಬಹುದೆಂಬ ಅನುಮಾನದಿಂದಲೇ ಮರುಬಳಕೆ ನಿಂತಿದ್ದರೂ ಸಾಕು. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಬಳಸುವ ಅರ್ಥ ಇದು. ನಮ್ಮ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಉಕ್ಕಿನ ಕಾರ್ಖಾನೆಯ ‘ಬ್ರೌನ್‌ಫೀಲ್ಡ್ ವಿಸ್ತರಣೆ’ ಎಂದು ಬರುತ್ತದಲ್ಲ, ಅದು ಬೇರೆ. ಇರುವ ಕಾರ್ಖಾನೆಯ ಪಕ್ಕದಲ್ಲೇ ಇನ್ನೊಂದು ಕುಲುಮೆ ಕಟ್ಟುವುದಕ್ಕೆ ಅಲ್ಲಿ ಹಾಗೆನ್ನುತ್ತಾರೆ.

ಇಂಥ ಜಾಗಕ್ಕೆ ಬ್ಯಾಂಕು ಏಕೆ ಸಾಲ ಕೊಡುವುದಿಲ್ಲ ಎಂಬುದರಿಂದಲೇ ಸಾಲನಿಧಿಯ ಕಥೆ ಶುರುವಾಗುತ್ತದೆ. ಅಡಮಾನಕ್ಕೆ ಇಡುವ ನೆಲಕ್ಕೇ ಬೆಲೆ ಇಲ್ಲದಿದ್ದರೆ ಬ್ಯಾಂಕಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ನಯಾಗರ ಫಾಲ್ಸ್ ಊರಿನ ಲವ್ ಕೆನಾಲ್ ಬಡಾವಣೆಯಲ್ಲಿ ರಾಸಾಯನಿಕ ಹೂತ ಜಾಗದ ಮೇಲೆ ಮನೆ, ಶಾಲೆ ಕಟ್ಟಿದ್ದು 1978ರಲ್ಲಿ ದೇಶವ್ಯಾಪಿ ಸುದ್ದಿಯಾದ ಮೇಲೆ, 1980ರಲ್ಲಿ ಅಮೆರಿಕ ‘ಸೂಪರ್‌ಫಂಡ್’ ಕಾನೂನು ತಂದಿತು. ಅದರ ಬಿಗಿ ಎಷ್ಟಿತ್ತೆಂದರೆ, ಮಾಲಿನ್ಯ ಮಾಡಿದವನ ಜೊತೆಗೆ ಈಗಿನ ಮಾಲೀಕನೂ ಶುದ್ಧೀಕರಣದ ಖರ್ಚಿಗೆ ಹೊಣೆಯಾಗಬಹುದಿತ್ತು. ಜಾರ್ಜಿಯಾ ರಾಜ್ಯದಲ್ಲಿ ಬಟ್ಟೆಗೆ ಬಣ್ಣದಚ್ಚು ಹಾಕುವ ಕಾರ್ಖಾನೆಯೊಂದು ದಿವಾಳಿಯಾಗಿ, ಒಳಗೆ ವಿಷದ ಡ್ರಮ್ಮುಗಳು ಉಳಿದಿದ್ದವು. ಆ ಕಾರ್ಖಾನೆಗೆ ಸಾಲ ಕೊಟ್ಟಿದ್ದ ಫ್ಲೀಟ್ ಫ್ಯಾಕ್ಟರ್ಸ್ ಎಂಬ ಹಣಕಾಸು ಸಂಸ್ಥೆಯೂ ಹೊಣೆಯಾಗಬಹುದು ಎಂದು 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಬ್ಯಾಂಕುಗಳು ಹೌಹಾರಿದವು. ಸಾಲ ಕೊಟ್ಟವರಿಗೆ ರಕ್ಷಣೆ ಕೊಡುವ ತಿದ್ದುಪಡಿ 1996ರಲ್ಲಿ ಬಂತು, ಆದರೆ ಹಳೆಯ ಕಾರ್ಖಾನೆ ಜಾಗ ಎಂದರೆ ದೂರ ಸರಿಯುವ ಅಭ್ಯಾಸ ಬೇರೂರಿಬಿಟ್ಟಿತ್ತು. ಬಿಗಿ ಕಾನೂನು ಒಳ್ಳೆಯದನ್ನೇ ಮಾಡಹೊರಟು ಊರ ನಡುವಿನ ನೆಲವನ್ನು ಪಾಳು ಬೀಳಿಸಿತು. ಉದ್ದಿಮೆದಾರರು ಊರಾಚೆಯ ಹಸನಾದ ಹೊಲಗಳನ್ನು ಕೊಂಡರು.

ಈ ಸಿಕ್ಕು ಬಿಡಿಸಲು ಇಪಿಎ 1990ರ ದಶಕದಲ್ಲಿ ಬ್ರೌನ್‌ಫೀಲ್ಡ್ ಕಾರ್ಯಕ್ರಮ ಆರಂಭಿಸಿತು. 2002ರ ಜನವರಿಯಲ್ಲಿ ಅದಕ್ಕೆ ಪ್ರತ್ಯೇಕ ಕಾನೂನಿನ ಬಲ ಸಿಕ್ಕಿತು. ಅದರೊಳಗಿನ ಒಂದು ಭಾಗವೇ ರಿವಾಲ್ವಿಂಗ್ ಲೋನ್ ಫಂಡ್. ಸ್ತ್ರೀಶಕ್ತಿ ಸಂಘ, ಸಂಜೀವಿನಿ ಒಕ್ಕೂಟದಲ್ಲಿ ಇರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ, ‘ಸುತ್ತುನಿಧಿ’ ಎಂದರೆ ಸಾಕು. ಒಬ್ಬಾಕೆ ಎಮ್ಮೆಗೆಂದು ತೆಗೆದುಕೊಂಡ ದುಡ್ಡು ಬಡ್ಡಿ ಸಮೇತ ವಾಪಸ್ಸಾಗಿ ಇನ್ನೊಬ್ಬಾಕೆಯ ಹೊಲಿಗೆ ಯಂತ್ರವಾಗುತ್ತದೆ. ಇಲ್ಲಿ ಎಮ್ಮೆಯ ಜಾಗದಲ್ಲಿ ಕೆಟ್ಟ ಮಣ್ಣು.

ನಡೆಯುವ ರೀತಿ ಹೀಗೆ. ಇಪಿಎ ನೇರವಾಗಿ ಯಾರಿಗೂ ಸಾಲ ಕೊಡುವುದಿಲ್ಲ. ರಾಜ್ಯಕ್ಕೋ ನಗರಾಡಳಿತಕ್ಕೋ ಮೂಲಧನವನ್ನು ಅನುದಾನವಾಗಿ ಕೊಡುತ್ತದೆ. ಆ ಸಂಸ್ಥೆ ಕಡಿಮೆ ಬಡ್ಡಿಗೆ, ಕೆಲವೊಮ್ಮೆ ಬಡ್ಡಿ ಇಲ್ಲದೆಯೂ, ಜಾಗದ ಮಾಲೀಕರಿಗೆ ಸಾಲ ಕೊಡುತ್ತದೆ. ದುಡ್ಡು ಶುದ್ಧೀಕರಣಕ್ಕೆ ಮಾತ್ರ, ಮೇಲೆ ಕಟ್ಟುವ ಕಟ್ಟಡಕ್ಕಲ್ಲ. ಜಾಗ ಕೆಡಿಸಿದವನಿಗೆ ಈ ಸಾಲ ಸಿಗುವುದಿಲ್ಲ. ತೀರಿದ ಕಂತು, ಬಡ್ಡಿ ಎರಡೂ ನಿಧಿಗೆ ಮರಳಿ ಮುಂದಿನ ಜಾಗಕ್ಕೆ ಹೋಗುತ್ತವೆ. ಲಾಭ ತರದ ಜಾಗಗಳಿಗೆ, ಅಂದರೆ ನಗರಸಭೆಯದೋ ಸೇವಾಸಂಸ್ಥೆಯದೋ ಆದ, ಉದ್ಯಾನವೋ ಆಸ್ಪತ್ರೆಯೋ ಆಗಬೇಕಾದ ನೆಲಕ್ಕೆ, ನಿಧಿಯ ಒಂದು ಪಾಲನ್ನು ಮರುಪಾವತಿ ಇಲ್ಲದ ಸಹಾಯವಾಗಿ ಕೊಡಲು ಅವಕಾಶವಿದೆ.

ಈ ಕೊನೆಯ ಅವಕಾಶದಲ್ಲೇ ನಿಧಿಯ ಆಯಸ್ಸು ಅಡಗಿದೆ, ಲೆಕ್ಕ ಹಾಕಿ ನೋಡಿ. 10 ಕೋಟಿ ರೂಪಾಯಿ ನಿಧಿ ಎಂದಿಟ್ಟುಕೊಳ್ಳೋಣ. ಪ್ರತಿ ಸುತ್ತಿನಲ್ಲೂ ನೂರಕ್ಕೆ 30ರಷ್ಟು ಸಹಾಯಧನ, ಉಳಿದದ್ದು ಸಾಲ. ಮೊದಲ ಸುತ್ತಿನ ಕೊನೆಗೆ 7 ಕೋಟಿ ಮರಳುತ್ತದೆ, ಎರಡನೆಯದರ ಕೊನೆಗೆ 4.9 ಕೋಟಿ. ಮೂರು ಸುತ್ತಿನಲ್ಲಿ ಒಟ್ಟು 21.9 ಕೋಟಿಯ ಕೆಲಸ ನಡೆಯುತ್ತದೆ, ನಿಧಿ 3.43 ಕೋಟಿಗೆ ಇಳಿಯುತ್ತದೆ. ಬಡ್ಡಿಯನ್ನು ಇಲ್ಲಿ ಬಿಟ್ಟಿದ್ದೇನೆ, ಮರಳದ ಸಾಲವನ್ನೂ ಬಿಟ್ಟಿದ್ದೇನೆ. ಅದೇ 10 ಕೋಟಿಯನ್ನು ಪೂರ್ತಿ ಅನುದಾನವಾಗಿ ಹಂಚಿದ್ದರೆ 10 ಕೋಟಿಯ ಕೆಲಸವಾಗಿ ಕಡತ ಮುಚ್ಚುತ್ತಿತ್ತು. ಸಾಲನಿಧಿಯ ಇಡೀ ಆಕರ್ಷಣೆ ಈ ಎರಡು ಅಂಕಿಗಳ ನಡುವಿನ ಅಂತರ. ಆದರೆ ನಿಧಿ ಸುತ್ತಬೇಕಾದರೆ ಶುದ್ಧವಾದ ನೆಲ ಬೆಲೆಗೆ ಹೋಗಬೇಕು, ಬಾಡಿಗೆಯನ್ನಾದರೂ ತರಬೇಕು. ಹೋಗದ ಕಡೆ ಇದು ಸಾಲವಾಗಿ ಉಳಿಯುವುದಿಲ್ಲ, ತಡವಾಗಿ ಮನ್ನಾ ಆಗುವ ಅನುದಾನವಷ್ಟೇ.

ಈಗ ನಮ್ಮ ಕಡೆಗೆ ಬರೋಣ. ಇದೇ ರೂಪದ ನಿಧಿ ನಮ್ಮಲ್ಲಿಲ್ಲ. ಇರುವುದು 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಲಿನ ತಾಣಗಳ ನಿರ್ವಹಣಾ ನಿಯಮಗಳು. ಅದರಂತೆ ಅನುಮಾನಾಸ್ಪದ ತಾಣಗಳ ಬಗ್ಗೆ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಪ್ರಾಥಮಿಕ ತಪಾಸಣೆ, ಬಳಿಕ ವಿವರವಾದ ಸಮೀಕ್ಷೆ, ಎರಡಕ್ಕೂ ಗಡುವು ಇದೆ. ವಿಷದ ಪ್ರಮಾಣ ಮಿತಿ ಮೀರಿದ್ದರೆ ತಾಣವನ್ನು ಬಹಿರಂಗವಾಗಿ ಘೋಷಿಸಿ ಅಲ್ಲಿ ಓಡಾಟ ನಿರ್ಬಂಧಿಸಬೇಕು. ಖರ್ಚು ಕೆಡಿಸಿದವನದು. ರಾಜಸ್ಥಾನದ ಬಿಛಡಿ ಗ್ರಾಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಎತ್ತಿಹಿಡಿದ ತತ್ವ ಇದು. ಅವನು ಸಿಗದಿದ್ದರೆ ಅಥವಾ ಕೈಲಾಗದವನಾದರೆ ಕೇಂದ್ರ, ರಾಜ್ಯಗಳು ಹಣ ಹೊಂದಿಸಬೇಕು. ಎಲ್ಲಿಂದ ಹೊಂದಿಸಬೇಕು ಎಂಬಲ್ಲಿಯೇ ಸಾಲನಿಧಿಯ ಪ್ರಶ್ನೆ ಏಳುವುದು.

ಬಳ್ಳಾರಿಯಲ್ಲಿ ಈ ಮಾತೆತ್ತಿದರೆ ಮೊದಲು ಬರುವ ಉತ್ತರ, ‘ಗಣಿ ದುಡ್ಡು ಐತಲ್ಲ’ ಎಂಬುದು. ಐತೆ, ನಿಜ. ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶಗಳಂತೆ ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮದಲ್ಲಿದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಸೀಮೆಯ ಗಣಿಬಾಧಿತ ಪ್ರದೇಶಗಳಿಗಾಗಿ ಇಟ್ಟ ಹಣ ಅದು. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನವೂ ಇದೆ. ಆದರೆ ಅವೆರಡೂ ಪರಿಹಾರದ ಹಣ. ಸಂಡೂರಿನ ಬೆಟ್ಟ, ಹಳ್ಳ, ದೂಳು ಕುಡಿದ ಊರುಗಳಿಗೆ ಮರುಪಾವತಿಯ ಮಾತೇ ಬರಬಾರದು, ಬರುವುದೂ ಇಲ್ಲ. ಜೊತೆಗೆ ಮೇಲೆ ಹೇಳಿದ 2025ರ ನಿಯಮಗಳು ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ಹೊರಗಿಟ್ಟಿವೆ, ಊರ ಕಸದ ಗುಡ್ಡೆಯನ್ನೂ ಹೊರಗಿಟ್ಟಿವೆ. ಎರಡಕ್ಕೂ ಬೇರೆ ಕಾನೂನುಗಳಿವೆ. ಹಟ್ಟಿ ಚಿನ್ನದ ಗಣಿಯಲ್ಲಿ ಅದಿರು ಸೋಸಿ ಉಳಿದ ಮಣ್ಣಿನ ದಿಬ್ಬಗಳೂ ಹಾಗಾಗಿ ಈ ಲೆಕ್ಕಕ್ಕೆ ಬರುವುದಿಲ್ಲ.

ಕೊಪ್ಪಳದ ಗಿಣಿಗೇರಿ ಸುತ್ತ ಹೊಲಗಳ ಮೇಲೆ ಕರಿದೂಳು ಕೂರುವುದೂ ಬ್ರೌನ್‌ಫೀಲ್ಡ್ ಸಮಸ್ಯೆಯಲ್ಲ. ನಡೆಯುತ್ತಿರುವ ಕಾರ್ಖಾನೆಯನ್ನು 1981ರ ವಾಯು ಕಾಯ್ದೆಯಡಿ ಹಿಡಿಯಬೇಕು. ರಾಯಚೂರಿನ ಶಕ್ತಿನಗರದ ಹಾರುಬೂದಿಯ ಹೊಂಡಗಳ ಹೊಣೆ ವಿದ್ಯುತ್ ಸ್ಥಾವರದ್ದೇ. ಇವಕ್ಕೆಲ್ಲ ‘ಸಾಲ ಕೊಟ್ಟು ಸ್ವಚ್ಛ ಮಾಡಿಸೋಣ’ ಎಂದು ಯಾರಾದರೂ ಹೊರಟರೆ, ಕೆಡಿಸಿದವನ ಬಿಲ್ಲನ್ನು ಊರು ಕಟ್ಟಿದಂತಾಗುತ್ತದೆ.

ಹಾಗಾದರೆ ಉಳಿದದ್ದು ಏನು? ಊರೊಳಗಿನ ಸಣ್ಣ ಜಾಗಗಳು. ಬಳ್ಳಾರಿಯ ನಿಂತ ವಾಷಿಂಗ್ ಘಟಕಗಳು, ರಾಯಚೂರಿನ ಬಾಗಿಲು ಹಾಕಿದ ಜಿನ್ನಿಂಗ್ ಮಿಲ್ಲು, ಎಣ್ಣೆ ಗಿರಣಿ, ನೆಲದೊಳಗೆ ಟ್ಯಾಂಕು ಬಿಟ್ಟುಹೋದ ಹಳೆ ಪೆಟ್ರೋಲ್ ಬಂಕು, ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಶೆಡ್ಡು. ಜಿನ್ನಿಂಗ್ ಮಿಲ್ಲಿನ ನೆಲದಲ್ಲಿ ಬಹುಶಃ ಏನೂ ಸಿಗಲಿಕ್ಕಿಲ್ಲ, ಬ್ಯಾಟರಿ ಶೆಡ್ಡಿನದು ಮಕ್ಕಳು ಆಡಬಾರದ ಮಣ್ಣು. ಇವು ಸಾಲನಿಧಿಗೆ ಹೇಳಿ ಮಾಡಿಸಿದಂಥವು, ಏಕೆಂದರೆ ಖರ್ಚು ಮಿತಿಯಲ್ಲಿದೆ, ಶುದ್ಧವಾದ ಮೇಲೆ ನೆಲಕ್ಕೆ ಗಿರಾಕಿ ಇದ್ದೇ ಇದ್ದಾನೆ. ಶುದ್ಧೀಕರಣ ಎಂದರೆ ಎಲ್ಲ ಮಣ್ಣನ್ನೂ ಅಗೆದು ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಸಾಗಿಸುವುದೆಂದೇ ಅಲ್ಲ. ಎಣ್ಣೆ ಕುಡಿದ ಮಣ್ಣನ್ನು ಸೂಕ್ಷ್ಮಾಣುಗಳಿಂದ ಅಲ್ಲಿಯೇ ಸರಿಪಡಿಸಬಹುದು. ಕೆಲವು ಕಡೆ ಮೇಲೆ ಗಟ್ಟಿ ಹೊದಿಕೆ ಹಾಸಿ, ಗೋದಾಮು ಆಗಬಹುದು, ಮನೆ ಆಗಬಾರದು, ಬೋರ್‌ವೆಲ್ ಕೊರೆಯಬಾರದು ಎಂದು ಷರತ್ತು ಹಾಕಿದರೂ ನಡೆಯುತ್ತದೆ. ಆ ಷರತ್ತು ಇಸಿಯಲ್ಲಿ ಕಾಣುವಂತಿರಬೇಕು ಎಂಬುದು ನನ್ನ ಹಟ. ಕಡತದಲ್ಲಿ ಕೂತರೆ ಎರಡನೇ ಕೈ ಬದಲಾಗುವಷ್ಟರಲ್ಲಿ ಮರೆತುಹೋಗುತ್ತದೆ.

ಎಲ್ಲಕ್ಕೂ ಮೊದಲು ಪರೀಕ್ಷೆ. ಮೊದಲ ಹಂತದಲ್ಲಿ ಜಾಗದ ಚರಿತ್ರೆ ಕೆದಕಿ, ನಡೆದಾಡಿ ನೋಡುತ್ತಾರೆ. ಅನುಮಾನ ಉಳಿದರೆ ಎರಡನೇ ಹಂತದಲ್ಲಿ ನೆಲ ಕೊರೆದು ಮಣ್ಣು, ನೀರಿನ ಮಾದರಿ ತೆಗೆಯುತ್ತಾರೆ. ನಮ್ಮ ಎರೆಭೂಮಿಯಲ್ಲಿ ಇದಕ್ಕೊಂದು ತೊಡಕಿದೆ. ಹಸಿಯಾಗಿದ್ದಾಗ ನೀರನ್ನು ಕೆಳಗಿಳಿಯಲು ಬಿಡದ ಮಣ್ಣು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಆಗ ಸುರಿದದ್ದು ಬಿರುಕಿನಲ್ಲಿ ನೇರ ಕೆಳಗಿಳಿಯುತ್ತದೆ. ಹಾಗಾಗಿ ಮೇಲಿನ ಒಂದು ಅಡಿ ಮಣ್ಣು ಕೊಟ್ಟು ‘ಪಾಸ್’ ಎಂಬ ವರದಿ ತಂದರೆ ನಂಬುವಂತಿಲ್ಲ.

ಈ ಪರೀಕ್ಷೆಗೆ ಯಾವ ಮಾಲೀಕನೂ ಸಾಲ ಮಾಡುವುದಿಲ್ಲ. ಕೆಟ್ಟ ಸುದ್ದಿ ತಿಳಿಯಲು ಕೈಯಿಂದ ದುಡ್ಡು ಕೊಡುವವರು ಯಾರು? ಅಮೆರಿಕದಲ್ಲಿ ತಪಾಸಣೆಗೆ ಬೇರೆಯೇ ಅನುದಾನ ಇಟ್ಟಿರುವುದು ಇದಕ್ಕೇ, ಸಾಲದ ಮಾತು ಬರುವುದು ಆ ಬಳಿಕ. ಇಲ್ಲೂ ಶುರು ಮಾಡುವುದಾದರೆ ಖಾಸಗಿ ಮಾಲೀಕರ ಬಾಗಿಲಿಗೆ ಹೋಗುವ ಮುನ್ನ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಖಾಲಿ ಬಿದ್ದ ಪ್ಲಾಟುಗಳು, ಪಾಲಿಕೆಯ ಜಾಗಗಳಿಂದ ಶುರು ಮಾಡುವುದು ಸುಲಭ, ಅಲ್ಲಿ ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ವಾಷಿಂಗ್ ಘಟಕದ ನೆಲವಾದರೆ ಮಣ್ಣಿನ ಕ್ಷಾರ, ಲವಣ, ಮ್ಯಾಂಗನೀಸ್, ಕ್ರೋಮಿಯಂ ನೋಡಿಸಬೇಕು. ಪಕ್ಕದ ಮನೆಯ ಬೋರ್‌ವೆಲ್ ನೀರನ್ನೂ ಅದೇ ದಿನ ಲ್ಯಾಬಿಗೆ ಕಳಿಸಬೇಕು.