ಮುಳ್ಳು ಕಾಲಿನಲ್ಲಿದ್ದರೆ ಡೀಸೆಲ್ ಎಷ್ಟು?

ಈ ಸೀಸನ್ನಿನಲ್ಲಿ ನೀರಿನ ಮೇಲೆ ಇಂಜಿನ್ ನಿಂತುಹೋದ ನಾಲ್ಕನೇ ಯಾಟ್ (ವಿಹಾರದ ಹಾಯಿದೋಣಿ) ಇದು. ಇಂಜಿನ್ ಕೆಟ್ಟಿರಲಿಲ್ಲ, ಪಂಪ್ ಕೆಟ್ಟಿರಲಿಲ್ಲ, ಡೀಸೆಲ್ ಮುಗಿದಿತ್ತು, ಅಷ್ಟೆ. ಅದನ್ನು ಮಾಲೀಕರಿಗೆ ಒಪ್ಪಿಸುವುದೇ ದೊಡ್ಡ ಕೆಲಸ. "ಮುಳ್ಳು ಇನ್ನೂ ಕಾಲು ಟ್ಯಾಂಕ್ ತೋರಿಸ್ತಿತ್ತಲ್ಲ?" ಎನ್ನುತ್ತಾರೆ. ನಾಲ್ಕೂ ಜನ ಓದಿದವರು, ಲೆಕ್ಕ ಬಲ್ಲವರು. ಹಾಗಾಗಿ ಡೀಸೆಲ್ ಮೀಟರಿನ ಆ ಮುಳ್ಳಿನ ವಿಷಯ ಒಮ್ಮೆ ಬಿಡಿಸಿ ಬರೆಯೋಣ ಎನಿಸಿತು.

ನಾನು ಮಲ್ಪೆ ಕಡೆಯವನು. ಮೀನುಗಾರಿಕೆ ಬೋಟುಗಳ ಇಂಜಿನ್ ಬಿಚ್ಚುತ್ತ ಕೆಲಸ ಕಲಿತು, ಈಗ ಬಹಳ ವರ್ಷಗಳಿಂದ ಗೋವಾದಲ್ಲಿ ಹಾಯಿ ಯಾಟ್‌ಗಳ ಇಂಜಿನ್ ನೋಡಿಕೊಳ್ಳುತ್ತಿದ್ದೇನೆ. ಹೆಚ್ಚಿನವು 25ರಿಂದ 35 ಅಡಿಯವು, ಒಳಗೆ 10ರಿಂದ 30 ಎಚ್‌ಪಿಯ ಸಣ್ಣ ಡೀಸೆಲ್ ಇಂಜಿನ್. ಮಾಲೀಕರಲ್ಲಿ ಬೆಂಗಳೂರಿನವರು ಸುಮಾರು ಜನ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬಂದು, ಎರಡು ದಿನ ನೀರಿನ ಮೇಲಿದ್ದು, ಸೋಮವಾರ ಬೆಳಿಗ್ಗೆ ಆಫೀಸಿಗೆ ಹಾಜರಾಗುವವರು. ಸಮುದ್ರದ ಮೇಲೆ ಅವರಿಗಿರುವ ಪ್ರೀತಿ ಕಂಡರೆ ನನಗೆ ನಿಜವಾಗಿಯೂ ಖುಷಿ. ಅದಕ್ಕೇ ಅವರು ಕತ್ತಲಲ್ಲಿ ಅಳಿವೆ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಾಗ ನನಗೆ ಸಿಟ್ಟೂ ಬರುತ್ತದೆ.

ಮಾರ್ಚ್‌ನಲ್ಲಿ ಅಂಥವರೊಬ್ಬರು ಕಾರವಾರದಿಂದ ಪಣಜಿಗೆ ಬರುತ್ತಿದ್ದರು. ಸುಮಾರು 45 ನಾಟಿಕಲ್ ಮೈಲಿ. ಬೇಸಿಗೆಯಲ್ಲಿ ಈ ಕರಾವಳಿಯಲ್ಲಿ ಮಧ್ಯಾಹ್ನದ ಗಾಳಿ ವಾಯವ್ಯದಿಂದ ಬೀಸುತ್ತದೆ. ಗೋವಾದಿಂದ ಕಾರವಾರಕ್ಕೆ ಇಳಿಯುವಾಗ ಅದು ಬೆನ್ನಿಗೆ ಸಿಗುತ್ತದೆ, ವಾಪಸ್ ಬರುವಾಗ ಮೂಗಿಗೆ ಹೊಡೆಯುತ್ತದೆ. ಹೋಗುವಾಗ ಹಾಯಿಯಲ್ಲೇ ಹೋದವರು ಬರುವಾಗ ಹೆಚ್ಚುಕಡಿಮೆ ಇಡೀ ದಿನ ಇಂಜಿನ್ ಓಡಿಸಿದ್ದರು. ಸಂಜೆ ಗಾಳಿ ಬಿತ್ತು. ಆಗ್ವಾದಾ ಹತ್ತಿರ, ಮಾಂಡೋವಿ ನದಿಯ ಬಾಯಲ್ಲಿ, ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಇಳಿತದ ಹೊತ್ತು. ನದಿಯ ನೀರು ಹೊರಗೆ ಹರಿಯುತ್ತಿತ್ತು, ಅದಕ್ಕೆ ಎದುರಾಗಿ ಸಮುದ್ರದ ಅಲೆ ಒಳಗೆ ಬರುತ್ತಿತ್ತು. ನನಗೆ ಫೋನ್ ಮಾಡಿದರು.

"ಅಣ್ಣಾ, ಇಂಜಿನ್ ಆಫ್ ಆಗೋಯ್ತು. ಡೀಸೆಲ್ ಇದೆ. ಮುಳ್ಳು ಕಾಲಿನ ಹತ್ತಿರವೇ ಇದೆ."

"ಮೊದ್ಲು ಲಂಗರು ಬಿಡಿ ಸರ್. ಮುಳ್ಳಿನ ಮಾತು ಆಮೇಲೆ."

ಬಿಟ್ಟರು. ಅಲ್ಲಿ ಆಳ ಕಡಿಮೆ, ಲಂಗರು ಹಿಡಿಯಿತು. ಪರಿಚಯದ ಮೀನುಗಾರರ ಬೋಟಿನಲ್ಲಿ 20 ಲೀಟರಿನ ಕ್ಯಾನ್ ಹಾಕಿಕೊಂಡು ಹೋದೆ. ಖಾಲಿಯಾದ ಡೀಸೆಲ್ ಇಂಜಿನ್ ಬರೀ ಟ್ಯಾಂಕ್ ತುಂಬಿದ ಮಾತ್ರಕ್ಕೆ ಶುರುವಾಗುವುದಿಲ್ಲ, ಲೈನಿನಲ್ಲಿ ಸೇರಿದ ಗಾಳಿಯನ್ನು ತೆಗೆಯಬೇಕು. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಬೆರಳಿನಿಂದ ಒತ್ತುತ್ತ ಕೂತೆ. ಮೊದಲು ಬರೀ ಉಸಿರು. ಆಮೇಲೆ ಬಿಳಿ ನೊರೆ. ಆಮೇಲೆ ಗುಳ್ಳೆ ಗುಳ್ಳೆಯಾಗಿ ಡೀಸೆಲ್, ಕೊನೆಗೆ ಗುಳ್ಳೆಯಿಲ್ಲದ ಸಣ್ಣ ಧಾರೆ. ಸ್ಕ್ರೂ ಬಿಗಿ ಮಾಡಿದೆ. ದೋಣಿ ಹೊರಳಾಡುತ್ತಿರುವಾಗ ಇದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಅವರ ಲೆಕ್ಕ ಇಷ್ಟು: ಟ್ಯಾಂಕು 45 ಲೀಟರ್, ಅದರ ಕಾಲು ಭಾಗ ಅಂದರೆ 11 ಲೀಟರ್. ಗಂಟೆಗೆ 2 ಲೀಟರ್ ಖರ್ಚಾದರೆ ಐದು ಗಂಟೆ ಓಡಬೇಕು. ಮುಳ್ಳು ಕಾಲಿಗೆ ಬಂದ ಮೇಲೆ ಇಂಜಿನ್ ಓಡಿದ್ದು 40 ನಿಮಿಷ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಟ್ಯಾಂಕಿನೊಳಗೆ ಒಂದು ಫ್ಲೋಟ್ ಇರುತ್ತದೆ, ಅದಕ್ಕೊಂದು ಕೈ. ಡೀಸೆಲ್ ಇಳಿದಂತೆ ಫ್ಲೋಟ್ ಇಳಿಯುತ್ತದೆ, ಆ ಇಳಿತವನ್ನು ಸೆಂಡರ್ ಎಂಬ ಭಾಗ ತಂತಿಯ ಮೂಲಕ ಮೀಟರಿಗೆ ಮುಟ್ಟಿಸುತ್ತದೆ. ಅಂದರೆ ಮುಳ್ಳು ತೋರಿಸುವುದು ಡೀಸೆಲ್ ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದನ್ನು, ಎಷ್ಟು ಲೀಟರ್ ಇದೆ ಎಂಬುದನ್ನಲ್ಲ. ಟ್ಯಾಂಕು ಬೀರುವಿನ ಹಾಗೆ ಚೌಕವಾಗಿದ್ದರೆ ಎರಡೂ ಒಂದೇ. ಯಾಟ್‌ನಲ್ಲಿ ಹಾಗಿರುವುದು ಅಪರೂಪ. ಜಾಗ ಉಳಿಸಲು ಟ್ಯಾಂಕನ್ನು ಮಲಗುವ ಹಲಗೆಯ ಕೆಳಗೆ, ದೋಣಿಯ ಮೈಗೆ ಒತ್ತಿ ಕೂರಿಸಿರುತ್ತಾರೆ. ದೋಣಿಯ ಮೈ ಕೆಳಗೆ ಹೋದಂತೆ ಕಿರಿದಾಗುತ್ತದೆ, ಟ್ಯಾಂಕೂ ಹಾಗೇ.

ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿಯನ್ನು ಕಾಗದದ ಪೊಟ್ಟಣದಲ್ಲಿ ಕೊಡುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಮೇಲಿನಿಂದ ತಿನ್ನುತ್ತ ಪೊಟ್ಟಣದ ಅರ್ಧಕ್ಕೆ ಬಂದಾಗ ಒಳಗೆ ಅರ್ಧ ಕಡಲೆಕಾಯಿ ಇರುತ್ತದೆಯೇ? ನಾಲ್ಕು ಕಾಳಿರುತ್ತದೆ. ಟ್ಯಾಂಕು ಪೊಟ್ಟಣದಷ್ಟು ಚೂಪಾಗಿರುವುದಿಲ್ಲ, ಬೆಣೆಯ ಆಕಾರ ಎಂದುಕೊಳ್ಳಿ. ಬೆಣೆಯಾಕಾರದ ಟ್ಯಾಂಕಿನಲ್ಲಿ ಎತ್ತರ ಅರ್ಧವಾದಾಗ ಉಳಿದಿರುವುದು ಕಾಲು ಭಾಗ. ಎತ್ತರ ಕಾಲಿಗೆ ಇಳಿದಾಗ ಉಳಿದಿರುವುದು ಹದಿನಾರನೇ ಒಂದು ಭಾಗ. 45 ಲೀಟರಿನಲ್ಲಿ ಅದು 3 ಲೀಟರೂ ಅಲ್ಲ. ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ಒಂದು ಸಲ ಹೇಳಿದರೆ ಯಾರೂ ನಂಬುವುದಿಲ್ಲ: ಮುಳ್ಳು ಕಾಲಿನಲ್ಲಿ, ಡೀಸೆಲ್ 3 ಲೀಟರಿಗಿಂತ ಕಡಿಮೆ. ಎಲ್ಲ ಟ್ಯಾಂಕೂ ಇಷ್ಟು ಕಡಿದಾಗಿರುವುದಿಲ್ಲ, ತಳದಲ್ಲಿ ಸ್ವಲ್ಪ ಅಗಲ ಬಿಟ್ಟಿರುವುದೂ ಉಂಟು. ಆದರೆ ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ಆಗುತ್ತದೆ. ಮೇಲಿನರ್ಧ ನಿಧಾನ ಇಳಿಯುತ್ತದೆ, ಕೆಳಗಿನರ್ಧ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಖಾಲಿ. ಮೊದಲರ್ಧ ಚೆನ್ನಾಗಿ ಬಾಳಿಕೆ ಬಂತು ಎಂದು ಮಾಲೀಕರಿಗೆ ಧೈರ್ಯ ಬಂದಿರುತ್ತದೆ, ಪೆಟ್ಟು ಬೀಳುವುದು ಅಲ್ಲೇ.

ಆ 3 ಲೀಟರಾದರೂ ಪೂರ್ತಿ ನಿಮ್ಮದಲ್ಲ. ಕೆಸರು, ನೀರು ಒಳಗೆ ಬರದಿರಲಿ ಎಂದು ಡೀಸೆಲ್ ಎಳೆಯುವ ಕೊಳವೆಯನ್ನು ತಳಕ್ಕಿಂತ ಎರಡು ಮೂರು ಸೆಂಟಿಮೀಟರ್ ಮೇಲೆ ನಿಲ್ಲಿಸಿರುತ್ತಾರೆ. ಹಳೆಯ ಬೈಕಿನಲ್ಲಿ ಪೆಟ್ರೋಲ್ ಮುಗಿದಾಗ ಗಾಡಿ ವಾಲಿಸಿ ಮತ್ತೆ ಎರಡು ಕಿಲೋಮೀಟರ್ ಓಡಿಸಿದ್ದು ನೆನಪಿರಬಹುದು. ದೋಣಿಯನ್ನು ವಾಲಿಸುವುದು ಅಲೆ, ನಿಮಗೆ ಬೇಕಾದ ಕಡೆಗೆ ಅಲ್ಲ. ಡೀಸೆಲ್ ಒಂದು ಮೂಲೆಗೆ ಸರಿದ ಕ್ಷಣ ಕೊಳವೆ ಗಾಳಿ ಎಳೆಯುತ್ತದೆ. ಒಂದು ಗುಟುಕು ಗಾಳಿ ಸಾಕು, ಇಂಜಿನ್ ನಿಲ್ಲುತ್ತದೆ. ಟ್ಯಾಂಕು ಖಾಲಿಯಾಗುವ ಮುಂಚೆಯೇ ಇಂಜಿನ್ ನಿಲ್ಲುವುದು ಹೀಗೆ, ಅದೂ ಅಲೆ ಎದ್ದಿರುವ ಜಾಗದಲ್ಲೇ.

ಸೆಂಡರ್‌ಗಳ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದ ಪದ್ಧತಿಯಲ್ಲಿ ಸೆಂಡರಿನ ವಿದ್ಯುತ್ ರೋಧ ಖಾಲಿ ಟ್ಯಾಂಕಿಗೆ 240 ಓಮ್, ತುಂಬಿದ್ದಕ್ಕೆ 33. ಯುರೋಪಿನ ಪದ್ಧತಿಯಲ್ಲಿ ಖಾಲಿಗೆ 10, ತುಂಬಿದ್ದಕ್ಕೆ 180. ಉಪ್ಪು ಗಾಳಿಗೆ ತಂತಿ ಹಸಿರುಗಟ್ಟಿ ತುಂಡಾದರೆ ರೋಧ ಮಿತಿ ಮೀರಿ ಏರಿದ ಹಾಗೆ. ಆಗ ಅಮೆರಿಕದ ಮೀಟರು ಖಾಲಿ ಎನ್ನುತ್ತದೆ, ನೀವು ಹೆದರಿ ಪರೀಕ್ಷಿಸುತ್ತೀರಿ, ಒಳ್ಳೆಯದೇ. ಯುರೋಪಿನದು ಫುಲ್ ಎನ್ನುತ್ತದೆ. ಒಂದು ಪದ್ಧತಿಯ ಸೆಂಡರಿಗೆ ಇನ್ನೊಂದರ ಮೀಟರು ಜೋಡಿಸಿದ ಯಾಟ್ ಕೂಡ ನೋಡಿದ್ದೇನೆ, ಅದರಲ್ಲಿ ಡೀಸೆಲ್ ಖರ್ಚಾದಂತೆ ಮುಳ್ಳು ಮೇಲೇರುತ್ತಿತ್ತು.

ಹಾಗಾದರೆ ಏನನ್ನು ನಂಬಬೇಕು? ಇಂಜಿನ್ ಓಡಿದ ಗಂಟೆಯನ್ನು. ಹೊಸದಾಗಿ ಯಾಟ್ ಕೊಂಡವರೆಲ್ಲ ಮೊದಲು ಕೇಳುವುದು, "ಲೀಟರಿಗೆ ಎಷ್ಟು ಕೊಡುತ್ತೆ?" ರಸ್ತೆಯಲ್ಲಿ ಅದು ಸರಿಯಾದ ಪ್ರಶ್ನೆ. ನೀರಿನಲ್ಲಿ ಪ್ರವಾಹಕ್ಕೆ ಎದುರು ಎರಡು ಗಂಟೆ ಇಂಜಿನ್ ಓಡಿಸಿ ನಿಂತಲ್ಲೇ ನಿಂತಿರಬಹುದು, ಡೀಸೆಲ್ ಮಾತ್ರ ಖರ್ಚಾಗಿರುತ್ತದೆ. ಸಣ್ಣ ಡೀಸೆಲ್ ಇಂಜಿನ್ ಒಂದು ಕಿಲೋವ್ಯಾಟ್ ಶಕ್ತಿಗೆ ಗಂಟೆಗೆ ಸುಮಾರು 0.3 ಲೀಟರ್ ಸುಡುತ್ತದೆ. 20 ಎಚ್‌ಪಿ ಎಂದರೆ 15 ಕಿಲೋವ್ಯಾಟ್, ಪೂರ್ತಿ ಒತ್ತಿದರೆ ಗಂಟೆಗೆ 4.5 ಲೀಟರ್. ಪ್ರೊಪೆಲ್ಲರ್ ಬೇಡುವ ಶಕ್ತಿ ನಿಮಿಷದ ಸುತ್ತುಗಳ, ಅಂದರೆ ಆರ್‌ಪಿಎಂನ ಘನಕ್ಕೆ ತಕ್ಕಂತೆ ಏರುತ್ತದೆ, ಆದ್ದರಿಂದ ಆರ್‌ಪಿಎಂ ಐದರಲ್ಲಿ ಒಂದು ಪಾಲು ಇಳಿಸಿದರೆ ಶಕ್ತಿ ಅರ್ಧದಷ್ಟಾಗುತ್ತದೆ. ವೇಗ ಅಷ್ಟೊಂದು ಬೀಳುವುದಿಲ್ಲ. ಸಮಾಧಾನವಾಗಿ ಓಡಿಸಿದರೆ ಈ ಅಳತೆಯ ಇಂಜಿನ್ ಗಂಟೆಗೆ ಒಂದೂವರೆಯಿಂದ ಎರಡೂವರೆ ಲೀಟರಿನಲ್ಲಿ ಮುಗಿಸುತ್ತದೆ. ಇವು ಅಂದಾಜು. ತಳಕ್ಕೆ ಚಿಪ್ಪು, ಪಾಚಿ ಕಟ್ಟಿದ್ದರೆ ಲೆಕ್ಕ ತಪ್ಪುತ್ತದೆ. ನಿಮ್ಮ ಇಂಜಿನ್ನಿನ ಸಂಖ್ಯೆಯನ್ನು ನೀವೇ ಕಂಡುಕೊಳ್ಳಬೇಕು, ನನ್ನದನ್ನು ಎತ್ತಿಕೊಂಡು ಸಮುದ್ರಕ್ಕೆ ಹೋಗಬೇಡಿ.

ಕಂಡುಕೊಳ್ಳುವುದು ಕಷ್ಟವಲ್ಲ. ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ, ಗಂಟೆ ಮೀಟರಿನ ಅಂಕಿ ಬರೆದಿಡಿ. ಮುಂದಿನ ಸಲ ಅದೇ ಕತ್ತಿನವರೆಗೆ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತು, ಎಷ್ಟು ಗಂಟೆ ಓಡಿತ್ತು ನೋಡಿ. 17 ಗಂಟೆಗೆ 34 ಲೀಟರ್ ಆದರೆ ಗಂಟೆಗೆ 2. ಮೂರು ನಾಲ್ಕು ಸಲ ಮಾಡಿದ ಮೇಲೆ ನಂಬಬಹುದು. ಬ್ಯಾಟರಿ ಚಾರ್ಜಿಗೆಂದು ನ್ಯೂಟ್ರಲ್‌ನಲ್ಲಿ ಓಡಿಸಿದ ಗಂಟೆಗಳನ್ನು ಬೇರೆ ಬರೆಯಿರಿ. ಆಗ ಡೀಸೆಲ್ ತೀರ ಕಡಿಮೆ ಸುಡುತ್ತದೆ, ಅದನ್ನೂ ಸೇರಿಸಿ ಸರಾಸರಿ ತೆಗೆದರೆ ನಿಮ್ಮ ಇಂಜಿನ್ ಇರುವುದಕ್ಕಿಂತ ಮಿತವ್ಯಯಿಯಾಗಿ ಕಾಣುತ್ತದೆ. ಹೋಗಲು ಮೂರನೇ ಒಂದು ಪಾಲು, ಬರಲು ಒಂದು ಪಾಲು, ಮುಟ್ಟದೆ ಉಳಿಸಲು ಒಂದು ಪಾಲು ಎಂಬ ಹಳೆಯ ನಿಯಮ ನನಗೆ ಈಗಲೂ ಸರಿಯೆನಿಸುತ್ತದೆ.

ಕೆಲವರು ವಾದ ಮಾಡುತ್ತಾರೆ: ಹಾಯಿದೋಣಿಗೆ ಡೀಸೆಲ್ಲಿನ ಚಿಂತೆ ಏಕೆ? ಆಗ ನೌಕಾಪಡೆಯ ಅಧಿಕಾರಿಯಾಗಿದ್ದ ಅಭಿಲಾಷ್ ಟೋಮಿ 2012ರ ನವೆಂಬರ್‌ನಲ್ಲಿ ಮುಂಬೈಯಿಂದ ಹೊರಟು, 2013ರ ಮಾರ್ಚ್ ಕೊನೆಗೆ, ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ ಬಂದದ್ದು ಹಾಯಿಯಲ್ಲೇ ಅಲ್ಲವೇ? ಹೌದು. ಅವರ ಐಎನ್‌ಎಸ್‌ವಿ ಮ್ಹಾದೇಯಿ ಇಲ್ಲೇ ಗೋವಾದಲ್ಲಿ ಕಟ್ಟಿದ ದೋಣಿ. ನಮ್ಮ ಖಾನಾಪುರದ ಕಡೆ ಹುಟ್ಟಿ ಬರುವ ಮಹಾದಾಯಿಯದೇ ಹೆಸರು, ಇಲ್ಲಿ ಅದೇ ಮಾಂಡೋವಿ. ಆದರೆ ನಡುಸಮುದ್ರದಲ್ಲಿ ಗಾಳಿ ಬಿದ್ದರೆ ಕಾಯಬಹುದು, ಸುತ್ತ ನೂರಾರು ಮೈಲಿ ನೀರು. ಅಳಿವೆ ಬಾಗಿಲಲ್ಲಿ ಗಾಳಿ ಬಿದ್ದರೆ ಪಕ್ಕದಲ್ಲೇ ಮರಳ ದಿಬ್ಬ.

ಮಳೆಗಾಲದಲ್ಲಿ ಯಾಟ್ ಮೇಲೆತ್ತುವಾಗ ಟ್ಯಾಂಕನ್ನು ಅರೆಬರೆ ಬಿಡಬೇಡಿ. ಖಾಲಿ ಜಾಗದ ತೇವ ಗಾಳಿ ತಣಿದು ನೀರಾಗಿ ತಳ ಸೇರುತ್ತದೆ, ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಅಕ್ಟೋಬರ್‌ನಲ್ಲಿ ಮುಚ್ಚಳ ತೆಗೆದರೆ ಕಪ್ಪು ಲೋಳೆ. ಅದು ಫ್ಲೋಟಿನ ಕೈಗೂ ಅಂಟಿ ಮುಳ್ಳನ್ನು ಒಂದೇ ಕಡೆ ಹಿಡಿದುಬಿಡುತ್ತದೆ.

ಮಾರ್ಚ್‌ನ ಆ ಯಾಟ್‌ಗೆ ಮರುದಿನ ಮಾಲೀಕರ ಜೊತೆ ಕೂತು ಒಂದು ಕೆಲಸ ಮಾಡಿದೆವು. ಟ್ಯಾಂಕು ಪೂರ್ತಿ ಬರಿದು ಮಾಡಿ, 5 ಲೀಟರಿನ ಅಳತೆಯ ಕ್ಯಾನಿನಿಂದ ಒಂದೊಂದೇ ಸುರಿದೆವು. ಪ್ರತಿ ಸಲವೂ ಒಂದು ಮರದ ಕೋಲನ್ನು ನೆಟ್ಟಗೆ ತಳದವರೆಗೆ ಇಳಿಸಿ, ಒದ್ದೆಯಾದಲ್ಲಿ ಚಾಕುವಿನಿಂದ ಗೀರು ಹಾಕಿದೆ. ಮೊದಲ 5 ಲೀಟರಿಗೇ ಮುಳ್ಳು ಕಾಲು ದಾಟಿತು. 10ಕ್ಕೆ ಹತ್ತಿರ ಹತ್ತಿರ ಅರ್ಧ. ಅವರು ಮಾತಾಡಲಿಲ್ಲ, ಮೀಟರನ್ನೇ ನೋಡುತ್ತಿದ್ದರು. 25 ಲೀಟರಿಗೆ ಮುಕ್ಕಾಲು, ಉಳಿದ 20 ಲೀಟರೆಲ್ಲ ಕೊನೆಯ ಕಾಲಿನೊಳಗೆ ಹಿಡಿಯಿತು. ಕೋಲಿನಲ್ಲಿ ಕೆಳಗಿನ ಗೀರುಗಳು ದೂರ ದೂರ, ಮೇಲಿನವು ಒತ್ತೊತ್ತಾಗಿ. ಮಲ್ಪೆಯಲ್ಲಿ ನಾನು ಹುಡುಗನಾಗಿದ್ದಾಗ ಬೋಟು ನಡೆಸುವ ತಂಡೇಲರು ಹೊರಡುವ ಮುಂಚೆ ಇಂಥದೇ ಕೋಲು ಅದ್ದಿ, ಬೆರಳಿನಿಂದ ಒರೆಸಿ, ಮೂಸಿ ನೋಡುತ್ತಿದ್ದರು. ಅವರ ಟ್ಯಾಂಕಿಗೆ ಮೀಟರೇ ಇರಲಿಲ್ಲ.

ಆ ಕೋಲು ಈಗ ಅವರ ಯಾಟ್‌ನಲ್ಲಿ ಮೆಟ್ಟಿಲಿನ ಪಕ್ಕ ಮೊಳೆಗೆ ತೂಗುತ್ತಿದೆ. ಹೋದ ವಾರ ಫಿಲ್ಟರ್ ಬದಲಿಸಲು ಹೋದಾಗ ಮೀಟರಿನ ಗಾಜಿನ ಮೇಲೆ ಸಣ್ಣ ಚೀಟಿ ಅಂಟಿಸಿದ್ದು ಕಂಡಿತು. ಕಾಲಿನ ಗುರುತಿನ ಎದುರು ಅವರದೇ ಅಕ್ಷರದಲ್ಲಿ ಬರೆದಿದ್ದರು: "3 ಲೀಟರ್."