300 ರೂಪಾಯಿಗೆ ಹಾಸಿಗೆ ಹೇಗೆ ಕೊಡ್ತಾರೆ? ಜೈಸಲ್ಮೇರ್ ಹಾಸ್ಟೆಲ್ ಬಗ್ಗೆ ಓದುಗರ ಪ್ರಶ್ನೆ

ಪ್ರಶ್ನೆ: ಡಿಸೆಂಬರ್‌ನಲ್ಲಿ ನಾವು ಮೂವರು ಗೆಳೆಯರು ಉಡುಪಿಯಿಂದ ಜೈಸಲ್ಮೇರ್‌ಗೆ ಹೊರಟಿದ್ದೇವೆ. ಅಲ್ಲಿಯ ಹಾಸ್ಟೆಲ್‌ನಲ್ಲಿ ಒಂದು ಹಾಸಿಗೆಗೆ ರಾತ್ರಿಗೆ 300 ರೂಪಾಯಿ ಅಂತ ತೋರಿಸ್ತಿದೆ. ಇಷ್ಟು ಕಡಿಮೆಗೆ ಹೇಗೆ ಕೊಡ್ತಾರೆ? ನಂಬಿ ಉಳಿದುಕೊಳ್ಳಬಹುದಾ? ಕೋಟೆಯ ಒಳಗೆ ಒಳ್ಳೆಯದಾ, ಹೊರಗಾ?

ಉತ್ತರ: ಧಾರಾಳವಾಗಿ ಉಳಿದುಕೊಳ್ಳಬಹುದು. ಆದರೆ ಬುಕ್ ಮಾಡುವ ಮೊದಲು ಒಂದು ಮಾತು ಕೇಳಿಬಿಡಿ: ‘ಒಂಟೆ ಸಫಾರಿ ನಿಮ್ಮಲ್ಲೇ ಮಾಡ್ಬೇಕಾ?’ 300 ರೂಪಾಯಿಯ ಗುಟ್ಟು ಇರುವುದು ಅಲ್ಲೇ.

ಜೈಸಲ್ಮೇರ್‌ಗೆ ಜನ ಬರುವುದು ಹೆಚ್ಚಾಗಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಬಂದವರು ಒಂದೆರಡು ರಾತ್ರಿ ಇದ್ದು ಹೊರಡುತ್ತಾರೆ. ಮರಳು ದಿಬ್ಬ ನೋಡದೆ ಹೋಗುವವರು ಮಾತ್ರ ಕಡಿಮೆ. ಹಾಗಾಗಿ ಸಣ್ಣ ಹಾಸ್ಟೆಲ್‌ನವರು ಹಾಸಿಗೆಯ ದರ ಇಳಿಸಿ ಜನರನ್ನು ಕರೆಯುತ್ತಾರೆ. ಅವರ ಸಂಪಾದನೆ ದಿಬ್ಬಕ್ಕೆ ಕರೆದುಕೊಂಡು ಹೋಗುವ ಒಂಟೆ ಸಫಾರಿಯಲ್ಲಿ. ಇದು ನಮಗೇನೂ ಹೊಸತಲ್ಲ. ಮದುವೆ ಹಾಲ್‌ನ ಬಾಡಿಗೆ ಕಡಿಮೆ ಇಟ್ಟು, ಅಡುಗೆ ನಮ್ಮವರದ್ದೇ ಆಗಬೇಕು ಅನ್ನುವವರು ನಮ್ಮೂರಲ್ಲೂ ಇದ್ದಾರಲ್ವಾ? ಮೊದಲೇ ಬಾಯಿಬಿಟ್ಟು ಹೇಳಿದರೆ ತಪ್ಪೇನಿಲ್ಲ. ಕೆಲವರು ಹೇಳುವುದಿಲ್ಲ, ತೊಂದರೆ ಅಲ್ಲಿಂದ ಶುರು.

ನಾನು ಮೊದಲ ಸಲ ಹೋದಾಗ ಹೀಗೇ ಆಯಿತು. ಜೋಧಪುರದಿಂದ ರಾತ್ರಿ ರೈಲು, ಬೆಳಗಿನ ಜಾವ ಇಳಿದೆ. ಹಾಸ್ಟೆಲ್‌ನವರು ಟೆರೇಸ್‌ನಲ್ಲಿ ಕೂರಿಸಿ ಶುಂಠಿ ಚಹಾ ಕೊಟ್ಟರು. ಲೋಟ ಕೆಳಗಿಡುವ ಮೊದಲೇ ‘ಸಫಾರಿ ಇವತ್ತಾ, ನಾಳೆಯಾ?’ ಎಂಬ ಪ್ರಶ್ನೆ. ಮಧ್ಯಾಹ್ನದೊಳಗೆ ನಾಲ್ಕು ಸಲ ಕೇಳಿದರು. ನಾನೇ ಬಸ್ಸಿನಲ್ಲಿ ಮರಳು ದಿಬ್ಬ ಇರುವ ಖೂರಿ ಊರಿಗೆ ಹೋಗ್ತೇನೆ ಅಂದೆ. ಸಂಜೆ ಬಂದು ನೋಡಿದರೆ ನನ್ನ ಬ್ಯಾಗು ಕೌಂಟರ್ ಪಕ್ಕದಲ್ಲಿತ್ತು, ಒಣಗಲು ಹಾಕಿದ್ದ ಬೈರಾಸನ್ನೂ ಮಡಚಿ ಅದರ ಮೇಲೆ ಇಟ್ಟಿದ್ದರು. ಹಾಸಿಗೆ ಬೇರೆಯವರಿಗೆ ಬುಕ್ ಆಗಿದೆಯಂತೆ, ಬೇಕಾದರೆ 900 ರೂಪಾಯಿಯ ರೂಮ್ ಇದೆಯಂತೆ. ಆ ಚಳಿಯಲ್ಲಿ ಬ್ಯಾಗು ಹೊತ್ತು ಬೇರೆ ಜಾಗ ಹುಡುಕಿದೆ. ಈಗ ನೆನೆಸಿಕೊಂಡರೂ ಬೇಜಾರಾಗುತ್ತದೆ. ಆಮೇಲೆ ಸಿಕ್ಕಿದ ಹಾಸ್ಟೆಲ್‌ನ ಹುಡುಗ ಸಫಾರಿ ಮಾತನ್ನೇ ಎತ್ತಲಿಲ್ಲ, ಖೂರಿಗೆ ಬಸ್ ಎಲ್ಲಿ ನಿಲ್ಲುತ್ತದೆ ಅಂತ ಚೀಟಿಯಲ್ಲಿ ಬರೆದು ಕೊಟ್ಟ. ಎರಡೂ ಥರದವರು ಒಂದೇ ಬೀದಿಯಲ್ಲಿ ಸಿಗುತ್ತಾರೆ.

ಹಾಗಾಗಿ ವಾಟ್ಸ್ಆ್ಯಪ್‌ನಲ್ಲೇ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಅವರಲ್ಲೇ ಸಫಾರಿ ಮಾಡುವುದಾದರೆ ಯಾವ ಊರಿನ ದಿಬ್ಬ, ಒಂಟೆಯ ಮೇಲೆ ಎಷ್ಟು ಹೊತ್ತು, ಜೀಪಿನಲ್ಲಿ ಎಷ್ಟು ದೂರ, ರಾತ್ರಿ ಹೊದಿಕೆ ಎಷ್ಟು, ಊಟ ಸೇರಿದೆಯಾ ಅಂತ ಒಂದೊಂದಾಗಿ ಕೇಳಿ. ಸುಮ್ನೆ ‘ಡೆಸರ್ಟ್ ಕ್ಯಾಂಪ್’ ಅಂದರೆ ಹೆಚ್ಚಾಗಿ ಸಮ್ ಎಂಬ ಊರಿನ ದಿಬ್ಬಕ್ಕೆ ಕರೆದುಕೊಂಡು ಹೋಗುತ್ತಾರೆ. ಅದು ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್. ದಿಬ್ಬ ಚೆಂದ, ಆದರೆ ಡಿಸೆಂಬರ್‌ನಲ್ಲಿ ಸಾಲು ಸಾಲು ಟೆಂಟು, ಜೀಪು, ಜೋರು ಹಾಡು. ನಕ್ಷತ್ರ ನೋಡಬೇಕು, ಗಲಾಟೆ ಬೇಡ ಅನ್ನುವವರಿಗೆ ಖೂರಿ ಕಡೆ ಒಳ್ಳೆಯದು.

ಇನ್ನು ಕೋಟೆಯ ಮಾತು. ನಾನು ಹೊರಗೆ ಉಳಿಯಿರಿ ಅಂತಲೇ ಹೇಳುತ್ತೇನೆ, ಅದಕ್ಕೆ ಕಾರಣ ನೀರು.

ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ ಕೋಟೆ ಅದು. 2013ರಲ್ಲಿ ರಾಜಸ್ಥಾನದ ಇನ್ನೈದು ಕೋಟೆಗಳ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಒಳಗೆ ಇಂದಿಗೂ ಸಾವಿರಾರು ಜನ ಸಂಸಾರ ಮಾಡಿಕೊಂಡಿದ್ದಾರೆ. ಹಿಂದೆ ಕೆಳಗಿನ ಗಡಿಸರ್ ಕೆರೆಯಿಂದ ಹೆಂಗಸರು ಕೊಡದಲ್ಲಿ ನೀರು ಹೊತ್ತು ತರುತ್ತಿದ್ದರು. ಹೊತ್ತು ತಂದ ನೀರನ್ನು ಯಾರು ಸುಮ್ಮನೆ ಚೆಲ್ಲುತ್ತಾರೆ ಹೇಳಿ? ಆಮೇಲೆ ನಲ್ಲಿ ಬಂತು, ಪ್ರವಾಸಿಗರು ಬಂದರು, ರೂಮಿಗೊಂದು ಬಾತ್‌ರೂಮ್ ಬಂತು. ಹಳೆಯ ಚರಂಡಿಗೆ ಅಷ್ಟು ನೀರು ತಡೆಯುವುದಿಲ್ಲ, ಅದು ನೆಲದೊಳಗೆ ಇಳಿಯಿತು. ನಮ್ಮ ಕರಾವಳಿಯ ಮುರಕಲ್ಲಿನ (ಜಂಬಿಟ್ಟಿಗೆ) ನೆಲ ಸಾಮಾನ್ಯವಾಗಿ ಮಳೆ ನೀರನ್ನು ಕುಡಿದುಬಿಡುತ್ತದೆ. ಆದರೆ ಕೋಟೆ ನಿಂತಿರುವ ಜೈಸಲ್ಮೇರ್ ಗುಡ್ಡದಲ್ಲಿ ಮರಳುಗಲ್ಲಿನ ಜೊತೆ ಜೇಡಿಯ ಪದರಗಳೂ ಇವೆ. ನೀರು ತಾಗಿದರೆ ಅವು ಮೆತ್ತಗಾಗಿ ಜಾರುತ್ತವೆ, ಮೇಲಿನ ಗೋಡೆ ಬಿರುಕು ಬಿಡುತ್ತದೆ. ಬುರುಜುಗಳು ಕುಸಿದದ್ದೂ ಉಂಟು. ಹಳೆಯ ಸ್ಮಾರಕಗಳನ್ನು ಉಳಿಸಲು ಕೆಲಸ ಮಾಡುವ ವಿಶ್ವ ಸ್ಮಾರಕ ನಿಧಿ (World Monuments Fund) 1996ರಲ್ಲೇ ಈ ಕೋಟೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತ್ತು.

ಒಳಗಿನ ಗೆಸ್ಟ್‌ಹೌಸ್‌ಗಳನ್ನು ನಡೆಸುವವರೂ ಅಲ್ಲಿಯ ಮನೆಯವರೇ, ಅವರ ಹೊಟ್ಟೆಪಾಡನ್ನು ನಾನು ಹಗುರವಾಗಿ ನೋಡುವುದಿಲ್ಲ. ಹಗಲು ಹೋಗಿ, ಅವರ ಅಂಗಡಿಯಲ್ಲಿ ಖರೀದಿ ಮಾಡಿ, ಅಲ್ಲೇ ಊಟ ಮಾಡಿ. ಸ್ನಾನ ಮಾತ್ರ ಕೆಳಗೆ ಇರಲಿ. ಇನ್ನೊಂದು ಲಾಭವೂ ಇದೆ ಮಾರಾಯ್ರೆ: ಕೋಟೆಯೊಳಗಿದ್ದರೆ ಕೋಟೆ ಕಾಣುವುದಿಲ್ಲ! ಹೊರಗಿನ ಹಾಸ್ಟೆಲ್‌ನ ಟೆರೇಸ್‌ನಲ್ಲಿ ಸಂಜೆ ಕೂತರೆ ಇಡೀ ಗೋಡೆ ಜೇನಿನ ಬಣ್ಣಕ್ಕೆ ತಿರುಗುವುದನ್ನು ನೋಡಬಹುದು.

ಡಾರ್ಮ್‌ನಲ್ಲಿ, ಅಂದರೆ ಹಲವರು ಒಟ್ಟಿಗೆ ಮಲಗುವ ಕೋಣೆಯಲ್ಲಿ, ಲಾಕರ್ ಇದ್ದರೂ ಬೀಗ ನಿಮ್ಮದೇ ಒಯ್ಯಿರಿ. ನೀವು ಮೂವರಿದ್ದೀರಿ, ಹಾಗಾಗಿ ಮೂರು ಹಾಸಿಗೆಯ ದರದ ಜೊತೆ ಒಂದು ಸಣ್ಣ ರೂಮಿನ ದರವನ್ನೂ ಕೇಳಿ. ಎಷ್ಟೋ ಸಲ ವ್ಯತ್ಯಾಸ ಜಾಸ್ತಿ ಇರುವುದಿಲ್ಲ.

ಚಳಿಯನ್ನು ಮಾತ್ರ ಸಸಾರ ಮಾಡಬೇಡಿ. ಮರಳುಗಾಡು ಅಂದರೆ ಸೆಕೆ ಅಂತ ನಾನು ಬರೀ ಹತ್ತಿ ಅಂಗಿ ಒಯ್ದಿದ್ದೆ. ಡಿಸೆಂಬರ್ ರಾತ್ರಿ ಅಲ್ಲಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಬೆಳಿಗ್ಗೆ ಎದ್ದಾಗ ತುಟಿ ಒಡೆದಿತ್ತು. ಹಚ್ಚಿಕೊಳ್ಳೋಣ ಅಂದರೆ ಮನೆಯಿಂದ ಒಯ್ದ ತೆಂಗಿನೆಣ್ಣೆ ಬಾಟಲಿಯಲ್ಲಿ ಕಲ್ಲಾಗಿತ್ತು. ಬಾಟಲಿಯನ್ನು ಟೆರೇಸ್‌ನ ಬಿಸಿಲಿಗೆ ಇಟ್ಟು ಅದು ಕರಗುವವರೆಗೆ ಕಾದು ಕೂತೆ.